ಆಲಿಕಲ್ಲು ಬಿದ್ದ ಸೋಮವಾರ

ಹರಪನಹಳ್ಳಿಯಲ್ಲಿ ಕರೆಂಟು ಹೋಗುವುದಕ್ಕೆ ಮಳೆ ಬರಲೇಬೇಕು ಅಂತೇನೂ ಇರಲಿಲ್ಲ. ಮಳೆ ಬರೋ ಹಾಗಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಸಾಕು, ಹೋಗುತ್ತಿತ್ತು. ಇದ್ದಾಗಲೂ ಇದ್ದದ್ದು ಅಷ್ಟರಲ್ಲೇ. ಬಲ್ಬಿನೊಳಗೆ ಒಂದು ಕೆಂಪು ಎಳೆ ಕಂಡರೆ ಅದನ್ನೇ ಬೆಳಕು ಎಂದು ಒಪ್ಪಿಕೊಳ್ಳಬೇಕಾಗಿತ್ತು. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಮ್ಮ ಮನೆಗೆ ವೈರು ಎಳೆಸಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ಪಡಸಾಲೆಗೊಂದು, ಅಡುಗೆಮನೆಗೊಂದು, ಎರಡೇ ದೀಪ. ಆ ಎರಡು ದೀಪದ ಬಗ್ಗೆ ನಾನು ಓಣಿಯಲ್ಲಿ ಕೊಚ್ಚಿಕೊಂಡಷ್ಟು ಇನ್ನಾರೂ ಯಾವುದರ ಬಗ್ಗೆಯೂ ಕೊಚ್ಚಿಕೊಂಡಿರಲಿಕ್ಕಿಲ್ಲ.

ಈಗ ಕರೆಂಟು ಹೋದರೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಮೂಲೆಯಲ್ಲಿ ಒಂದು ಪೆಟ್ಟಿಗೆ ಕಿಂಯ್ ಎನ್ನುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ. ಮನೆಯವರಿಗೆಲ್ಲ ಅದು ದೊಡ್ಡ ಅನುಕೂಲ. ನನಗೆ ಮಾತ್ರ ಸುಮ್ಮನೆ ಸಿಟ್ಟು ಬರುತ್ತದೆ. ಒಮ್ಮೊಮ್ಮೆಯಾದರೂ ಕತ್ತಲಾಗಬೇಕಪ್ಪ ಎಂದು ಗೊಣಗಿದರೆ, ಇವಳಿಗೇನೋ ಆಗಿದೆ ಅನ್ನುವ ಹಾಗೆ ನೋಡುತ್ತಾರೆ. ನೋಡಲಿ. ಕತ್ತಲೆಯಿಂದ ನನಗಾದ ಉಪಕಾರ ಅವರಿಗೇನು ಗೊತ್ತು.

ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆ ಒಂದು ಮೊಳ ದಪ್ಪ, ಕಿಟಕಿ ಹೆಸರಿಗೆ ಮಾತ್ರ. ಬೆಳಕಿಗೆಂದು ಪಡಸಾಲೆಯ ನಡುಮಧ್ಯದಲ್ಲಿ, ಮಾಳಿಗೆಗೆ ಮೊರದಷ್ಟು ಅಗಲದ ಒಂದು ತೂತು ಬಿಟ್ಟಿದ್ದರು. ಅದಕ್ಕೆ ಬೆಳಕಿಂಡಿ ಎನ್ನುತ್ತಿದ್ದೆವು. ಮಳೆಯ ಸೂಚನೆ ಕಂಡರೆ ಏಣಿ ಹತ್ತಿ ಅದರ ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಎರಡು ಕಲ್ಲು ಹೇರಬೇಕು. ಕೆಳಗೆ ಬಂಡೆ ಹಾಸಿದ ನೆಲ. ಅಕಸ್ಮಾತ್ ನೀರು ಬಿದ್ದರೂ ಹರಿದುಹೋಗಲಿ ಎಂದು ಮೂಲೆಯಲ್ಲಿ ಒಂದು ತೂಬು ಇತ್ತು. ತೂಬಿನ ಆಚೆ ಓಣಿಯ ಚರಂಡಿ.

ಮನೆಯಲ್ಲಿ ನಾಲ್ಕು ಜನ. ಅಪ್ಪ ಬಟ್ಟೆ ವ್ಯಾಪಾರಿ. ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರ. ನಾನು ಹೇಳುತ್ತಿರುವ ದಿನ ಅವರು ಕೊಟ್ಟೂರಿನ ಕಡೆ ಹೋಗಿದ್ದರು. ಉಳಿದವರು ಅಪ್ಪನ ತಾಯಿಯಾದ ಅಜ್ಜಿ, ನನ್ನ ಅವ್ವ, ಮತ್ತು ಒಂಬತ್ತು ವರ್ಷದ ನಾನು. ಅಜ್ಜಿಗೂ ಅವ್ವನಿಗೂ ಜಗಳ ಅನ್ನುವಂಥದ್ದು ಇರಲಿಲ್ಲ, ಆದರೆ ದಿನಕ್ಕೆ ಹತ್ತು ಬಾರಿ ತಿಕ್ಕಾಟ. ಉಪ್ಪು ಹೆಚ್ಚಾಯಿತು ಎಂದು ಅಜ್ಜಿ, ನೀವೇ ಹಾಕು ಅಂದ್ರಿ ಎಂದು ಅವ್ವ. ನಾನು ಯಾವ ಪಕ್ಷ ಹೆಚ್ಚು ಬೆಲ್ಲ ಕೊಡುತ್ತದೋ ಆ ಪಕ್ಷ.

ಅಜ್ಜಿಯ ತವರು ಮಾಗಳ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳಾದ್ದರಿಂದಲೋ ಏನೋ, ನೀರು ಸುರಿದು ತೊಳೆಯದ ವಸ್ತುವಿನ ಮೇಲೆ ಅವಳಿಗೆ ನಂಬಿಕೆಯೇ ಇರಲಿಲ್ಲ. ಎಂಜಲು ಎಂದರೆ ಅವಳ ಪಾಲಿಗೆ ಚೇಳು. ಲೋಟವನ್ನು ತುಟಿಗೆ ತಾಗಿಸಿ ನೀರು ಕುಡಿದರೆ ಆ ಲೋಟ ಹಿತ್ತಲಿಗೆ ಹೋಗಿ ಬೂದಿಯಲ್ಲಿ ಮಿಂದು ಬರಬೇಕು. ಒಮ್ಮೆ ಪೂಜೆಗೆಂದು ತೆಗೆದಿಟ್ಟ ಹಾಲಿಗೆ ನಾನು ಬೆರಳು ಅದ್ದಿ ನೆಕ್ಕಿದ್ದೆ. ಇಡೀ ಚೆಂಬು ಹಾಲನ್ನು ಒಯ್ದು ಎಮ್ಮೆ ಕರುವಿಗೆ ಸುರಿದಿದ್ದಳು. ಆ ಕರು ಅಂದಿನಿಂದ ನನ್ನನ್ನು ಕಂಡರೆ ಬಾಲ ಎತ್ತುತ್ತಿತ್ತು.

ಅಜ್ಜಿಯ ಕೊರಳಲ್ಲಿ ಶಿವದಾರ, ಅದಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನೆಲ್ಲಿಕಾಯಿ ಗಾತ್ರದ, ಕರ್ರಗೆ ನುಣ್ಣಗಿರುವ ಲಿಂಗ. ಅಜ್ಜಿ ಹುಟ್ಟಿದಾಗ ಕಟ್ಟಿದ್ದು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡುತ್ತಿದ್ದಳು. ಆ ಪೂಜೆಯಾಗದೆ ಬಾಯಿಗೆ ಏನೂ ಇಲ್ಲ. ಸೋಮವಾರ ಮಾತ್ರ ಇನ್ನೂ ಬಿಗಿ: ಹಗಲಿಡೀ ಏನೂ ಮುಟ್ಟದೆ, ಸಂಜೆಯ ಪೂಜೆ ಮುಗಿದ ಮೇಲೆ ಒಂದೇ ಊಟ. ನನಗೂ ಹುಟ್ಟಿದಾಗ ಲಿಂಗ ಕಟ್ಟಿದ್ದರು. ಹುಡುಗರು ಎಲ್ಲಾದರೂ ಕಳೆದುಬಿಡುತ್ತಾರೆ ಎಂದು ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ದೊಡ್ಡವಳಾದ ಮೇಲೆ ಕೊಡುತ್ತೇನೆ ಎಂದಿದ್ದಳು ಅಜ್ಜಿ.

ಲಿಂಗ ಕಳೆದುಕೊಂಡರೆ ಏನಾಗುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. ಅಜ್ಜಿ ತನ್ನ ಚಿಕ್ಕಮ್ಮನ ಕಥೆ ಹೇಳಿದ್ದಳು. ಆಕೆ ಹೊಳೆಯಲ್ಲಿ ಮೀಯುವಾಗ ಶಿವದಾರ ಹರಿದು ಲಿಂಗ ನೀರಿಗೆ ಬಿತ್ತಂತೆ. ಊರವರೆಲ್ಲ ಮುಳುಗಿ ಹುಡುಕಿದರೂ ಸಿಗಲಿಲ್ಲ. ಆಕೆ ಮನೆಗೆ ಬಂದು ಮಣೆಯ ಮೇಲೆ ಕೂತವಳು ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಕೂತವಳು ಕೂತಂತೆಯೇ ಸೊರಗಿ ತೀರಿಹೋದಳಂತೆ. ಮಠದ ಅಯ್ಯನವರಿಂದ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ತಿಳಿದಿದ್ದರೂ ಪ್ರಯೋಜನವಿರಲಿಲ್ಲ, ಅಜ್ಜಿ ಬೇರೆಯದಕ್ಕೆ ಒಪ್ಪುವ ಪೈಕಿಯವಳಲ್ಲ.

ಅವತ್ತು ಸೋಮವಾರ. ಭರಣಿ ಮಳೆಯ ದಿನಗಳು, ಶಾಲೆಗೆ ರಜೆ. ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದ ಅಜ್ಜಿ ಒಣಗಿ ಕಡ್ಡಿಯಾಗಿದ್ದಳು. ಈ ಒಂದು ವಾರ ಉಪವಾಸ ಬಿಡಿ ಎಂದು ಅವ್ವ ಬೆಳಿಗ್ಗೆಯೇ ಹೇಳಿ ನೋಡಿದ್ದಳು. ಯಾರ ಮಾತು ಯಾರು ಕೇಳಬೇಕು. ಮಧ್ಯಾಹ್ನವಿಡೀ ಬಿಸಿಲಿನ ಝಳಕ್ಕೆ ಓಣಿಯ ನಾಯಿಗಳೂ ಉಸಿರೆತ್ತಲಿಲ್ಲ. ನಾಲ್ಕರ ಸುಮಾರಿಗೆ ಉಚ್ಚಂಗಿದುರ್ಗದ ದಿಕ್ಕಿನಲ್ಲಿ ಆಕಾಶ ಕಪ್ಪಾಯಿತು. ಐದೂವರೆಗೆ ಊರಿನ ಧೂಳೆಲ್ಲ ಎದ್ದು ನಿಂತಿತು. ನಾನು ಏಣಿ ಹತ್ತಿ ತಗಡು ಮುಚ್ಚಿ ಎರಡು ಕಲ್ಲು ಹೇರಿ ಬಂದೆ. ಎರಡೂ ಸರಿಯಾದ ಕಲ್ಲೇ. ಆ ವಿಷಯದಲ್ಲಿ ಇವತ್ತಿಗೂ ನನ್ನದೇನೂ ತಪ್ಪಿಲ್ಲ.

ಹೊತ್ತು ಮುಳುಗಿದ ಮೇಲೆ ಅಜ್ಜಿ ಮೈತೊಳೆದು ಬಂದು, ಸೆಖೆಗೆ ಬೇಸತ್ತು, ಮಣೆಯನ್ನು ದೇವರ ಗೂಡಿನ ಹತ್ತಿರದಿಂದ ಎಳೆದು ಪಡಸಾಲೆಯ ನಡುವೆ ಹಾಕಿಕೊಂಡು ಕೂತಳು. ಮೇಲೆ ಸರಿಯಾಗಿ ಬೆಳಕಿಂಡಿ. ಎದುರಿಗೆ ಹಣತೆ, ತಂಬಿಗೆ, ವಿಭೂತಿ, ಪತ್ರಿ. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ಗೋಡೆಗೆ ಒರಗಿ, ಪೂಜೆ ಬೇಗ ಮುಗಿಯಲಿ, ಬಿಸಿ ರೊಟ್ಟಿ ಬರಲಿ ಎಂದು ಕಾಯುತ್ತಿದ್ದೆ.

ಗಾಳಿ ಒಂದೇ ಏಟಿಗೆ ಬಂತು. ಮೊದಲು ಬಲ್ಬು ಹೋಯಿತು. ಅದರ ಬೆನ್ನಿಗೆ ಮೇಲಿನ ತಗಡು ಕಲ್ಲುಗಳ ಸಮೇತ ಕಿತ್ತುಕೊಂಡು, ದಡದಡನೆ ಮಾಳಿಗೆಯ ಮೇಲೆ ಉರುಳುತ್ತ ಎಲ್ಲಿಗೋ ಹೋಯಿತು. ಬೆಳಕಿಂಡಿಯಿಂದ ನುಗ್ಗಿದ ಗಾಳಿಗೆ ಹಣತೆ ಆರಿತು. ಆಮೇಲೆ ಅದೇ ತೂತಿನಿಂದ ಆಲಿಕಲ್ಲು ಸುರಿಯತೊಡಗಿತು. ಬಂಡೆಯ ಮೇಲೆ ಬಿದ್ದು ಪುಟಿದು, ಗೋಡೆಗೆ ಬಡಿದು, ಪಡಸಾಲೆಯ ತುಂಬ ಉರುಳಾಡಿದವು. ಅಜ್ಜಿ "ಶಿವಾ" ಎಂದು ಒಮ್ಮೆ ಕೂಗಿದ್ದು ಕೇಳಿಸಿತು. ತಂಬಿಗೆ ಉರುಳಿದ ಸದ್ದೂ ಕೇಳಿಸಿತು.

ನನಗೆ ಭಯ ಆಗಬೇಕಾಗಿತ್ತು. ಆಗಲಿಲ್ಲ, ಆಸೆಯಾಯಿತು. ನಮ್ಮ ಕಡೆಯ ಹುಡುಗರಿಗೆ ಆಲಿಕಲ್ಲು ಎಂದರೆ ಆಕಾಶದಿಂದ ಬಿಟ್ಟಿ ಬೀಳುವ ಐಸು. ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ಕೇಳಿದರೆ ಗಂಟಲು ಕೆಡುತ್ತದೆ ಎನ್ನುವ ಅವ್ವ, ಆಲಿಕಲ್ಲಿಗೆ ಬೇಡ ಎನ್ನುತ್ತಿರಲಿಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಬೀಳುವುದು, ಅದೂ ಮನೆಯೊಳಗೇ ಬಂದು ಬೀಳುವುದೆಂದರೆ! ನಾನು ಕತ್ತಲಲ್ಲೇ ಮೊಣಕಾಲೂರಿ, ನೆಲ ತಡವಿ ತಡವಿ ಸಿಕ್ಕಿದ್ದನ್ನು ಸಿಕ್ಕಂತೆ ಬಾಯಿಗೆ ಹಾಕಿಕೊಳ್ಳತೊಡಗಿದೆ. ಒಂದು ಕರಗುವ ಮೊದಲೇ ಇನ್ನೊಂದು. ಹಲ್ಲು ಜುಮ್ಮೆನ್ನುತ್ತಿತ್ತು. ಅಷ್ಟು ಸುಖ ಆ ಬೇಸಿಗೆಯಲ್ಲಿ ಇನ್ನೆಂದೂ ಸಿಕ್ಕಿರಲಿಲ್ಲ.

ಹೀಗೆ ಐದಾರು ತಿಂದ ಮೇಲೆ ಒಂದು ದೊಡ್ಡದು ಸಿಕ್ಕಿತು. ಒದ್ದೆಯಾಗಿತ್ತು, ತಣ್ಣಗಿತ್ತು, ನುಣ್ಣಗಿತ್ತು. ಇಂಥದ್ದು ಸಿಕ್ಕಿತಲ್ಲ ಎಂದು ಖುಷಿಯಿಂದ ಬಾಯಿಗೆ ಹಾಕಿಕೊಂಡೆ. ಅದು ಕರಗಲಿಲ್ಲ. ನಾಲಿಗೆಯಿಂದ ಆಚೆ ಈಚೆ ಹೊರಳಿಸಿದೆ. ಆಗಲೂ ಕರಗಲಿಲ್ಲ. ಆಮೇಲೆ ನಾಲಿಗೆಗೆ ರುಚಿ ಹತ್ತಿತು. ವಿಭೂತಿಯ ರುಚಿ.

ಅದೇ ಹೊತ್ತಿಗೆ ಕತ್ತಲಲ್ಲಿ ಅಜ್ಜಿಯ ದನಿ ಕೇಳಿಸಿತು. "ಕೈಯಾಗ ಇಲ್ಲ. ಲೇ, ನನ್ ಲಿಂಗ ಕೈಯಾಗ ಇಲ್ಲ."

ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿಕೊಂಡೆ. ಮುಷ್ಟಿ ಮುಚ್ಚಿದೆ.

ಅಡುಗೆಮನೆಯಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. "ಏನಾತ್ರಿ ಅತ್ತಿ? ಎಲ್ಲಿ ಬಿತ್ರಿ?"

"ಕೈಮ್ಯಾಲ ಕಲ್ಲು ಬಡೀತು. ಜಾರಿಬಿಡ್ತು. ಯಾರೂ ಕಾಲು ಇಡಬ್ಯಾಡ್ರಿ, ತುಳದೀರಿ."

ಅವ್ವ ಮತ್ತೆ ಗೋಡೆ ಹಿಡಿದುಕೊಂಡೇ ಹೋಗಿ ಬುಡ್ಡಿ ದೀಪ ಹುಡುಕಿದಳು. ಬೆಂಕಿಪೆಟ್ಟಿಗೆ ಗೂಡಿನಲ್ಲಿರಲಿಲ್ಲ, ಒಲೆಯ ಮುಂದೆಯೂ ಇರಲಿಲ್ಲ. ಅದು ಸಿಕ್ಕಿ, ಐದಾರು ಕಡ್ಡಿ ಗೀರಿ, ಕಡೆಗೊಂದು ಹತ್ತಿಕೊಳ್ಳುವ ಹೊತ್ತಿಗೆ ಆಲಿಕಲ್ಲು ಕರಗುತ್ತ, ಮಳೆನೀರು ಸೇರಿ, ಪಡಸಾಲೆಯ ನೀರೆಲ್ಲ ತೂಬಿನ ಕಡೆ ಹರಿಯುತ್ತಿತ್ತು. ಬುಡ್ಡಿಯ ಬೆಳಕಲ್ಲಿ ನನಗೆ ಮೊದಲು ಕಂಡದ್ದು ಅಜ್ಜಿಯ ಕೈ. ಮಣೆಯ ಮೇಲೆ ಕೂತಲ್ಲೇ ಕೂತಿದ್ದಳು. ಎಡ ಅಂಗೈ ಹಾಗೇ ತೆರೆದಿತ್ತು. ಅದರಲ್ಲಿ ಒಂದು ಪತ್ರಿಯ ಎಲೆ ಮಾತ್ರ ಅಂಟಿಕೊಂಡಿತ್ತು.

ಅವ್ವ ಹುಡುಕಿದಳು. ಜೋಳದ ಚೀಲ ಸರಿಸಿದಳು, ಮಣೆ ಎತ್ತಿ ನೋಡಿದಳು, ಮೂಲೆ ಮೂಲೆಗೆ ಕೈಹಾಕಿದಳು. ಕಪ್ಪು ಬಂಡೆಯ ಮೇಲೆ ಕಪ್ಪು ಲಿಂಗ, ಬೆಳಕೋ ಹೆಬ್ಬೆರಳಷ್ಟು. ನಾನೂ ಹುಡುಕಿದೆ. ಎಡಗೈ ಮುಷ್ಟಿಯನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡು ಬಲಗೈಯಿಂದ ಹುಡುಕಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ವಸ್ತುವನ್ನೂ ಹುಡುಕಿದವಳಲ್ಲ.

ಮೆಲ್ಲಗೆ ನೆಲದ ಮೇಲೆ ಬಿಟ್ಟು, ಅಗೋ ಇಲ್ಲಿದೆ ಅಂದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಚೀಲದ ಹಿಂದೆ ಹೋಗಿ ಬಗ್ಗಿಯೂ ಬಗ್ಗಿದೆ. ಮುಷ್ಟಿ ಬಿಚ್ಚಲಾಗಲಿಲ್ಲ. ನನ್ನ ಎಂಜಲಾದ ಲಿಂಗವನ್ನು ಅಜ್ಜಿ ಮಡಿ ಎಂದು ನಂಬಿ ಅಂಗೈಗೆ ತೆಗೆದುಕೊಳ್ಳುತ್ತಾಳೆ, ಅದಕ್ಕೆರೆದ ನೀರನ್ನು ಕುಡಿಯುತ್ತಾಳೆ, ಸಾಯುವ ತನಕ ದಿನಾ ಕುಡಿಯುತ್ತಾಳೆ. ಅವಳಿಗೆ ಗೊತ್ತಿಲ್ಲದೆ ಅವಳಿಗೆ ಎಂಜಲು ತಿನ್ನಿಸಿದ ಹಾಗೆ. ಅದು ನನ್ನ ಕೈಲಾಗಲಿಲ್ಲ. ನಿಜ ಹೇಳಿಬಿಟ್ಟರೆ? ಬೆರಳದ್ದಿದ ಹಾಲನ್ನೇ ಕರುವಿಗೆ ಸುರಿದವಳು ಇದನ್ನು ಏನು ಮಾಡಿಯಾಳು? ಬೇಡ ಅಂದುಬಿಟ್ಟರೆ ಮತ್ತೆ ಮಾಗಳದ ಚಿಕ್ಕಮ್ಮನ ಗತಿಯೇ. ಕೊಟ್ಟರೂ ಅಜ್ಜಿ ಉಣ್ಣುವುದಿಲ್ಲ, ಕೊಡದಿದ್ದರೂ ಉಣ್ಣುವುದಿಲ್ಲ, ಎರಡಕ್ಕೂ ಕಾರಣ ನಾನು. ಒಂಬತ್ತು ವರ್ಷದ ತಲೆಗೆ ಅದಕ್ಕಿಂತ ಮುಂದಕ್ಕೆ ದಾರಿ ಕಾಣಲಿಲ್ಲ.

"ಅತ್ತಿ, ಒಂದ್ ಗುಟುಕು ನೀರರ ಕುಡೀರಿ," ಎಂದಳು ಅವ್ವ. "ಮುಂಜಾನಿಂದ ಏನೂ ಇಲ್ಲ. ಜ್ವರದಿಂದ ಎದ್ದೋರು. ಶಿವ ಏನ್ ಬ್ಯಾಡ ಅಂತಾನೇನು?"

"ಸಿಕ್ಕ ಮ್ಯಾಲೆ ಕುಡಿತೀನಿ."

"ಸಿಗದಿದ್ರ?"

ಅಜ್ಜಿ ಅಂಗೈಗೆ ಅಂಟಿದ್ದ ಪತ್ರಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅಳು ಇರಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತುಟಿ ಒಣಗಿ ಬಿಳಿಯಾಗಿದ್ದವು. ಕತ್ತು ನೆಟ್ಟಗೆ ಮಾಡಿಕೊಂಡು, ಖಾಲಿ ಅಂಗೈ ಚಾಚಿಕೊಂಡು, ಎಷ್ಟು ದಿನ ಬೇಕಾದರೂ ಹೀಗೇ ಕೂಡಬಲ್ಲೆ ಅನ್ನುವ ಹಾಗೆ ಕೂತಿದ್ದಳು. ಅಪ್ಪ ಇದ್ದಿದ್ದರೆ ಏನಾದರೂ ಹೇಳುತ್ತಿದ್ದರೋ ಏನೋ. ಆ ಮಳೆಯಲ್ಲಿ ಹಳ್ಳಗಳು ತುಂಬಿ, ಅಪ್ಪನ ಬಸ್ಸು ಕೊಟ್ಟೂರು ಬಿಟ್ಟಿರಲಿಕ್ಕೂ ಇಲ್ಲ.

ಅವ್ವ ದೀಪ ಹಿಡಿದುಕೊಂಡು ತೂಬಿನ ಮುಂದೆ ಕೂತು ಸ್ವಲ್ಪ ಹೊತ್ತು ಹರಿಯುವ ನೀರನ್ನೇ ನೋಡಿದಳು. "ಇದರಾಗ ಹೋಗೇತಿ," ಎಂದಳು ತನಗೆ ತಾನೇ. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದೀಪವನ್ನು ನನ್ನ ಬಲಗೈಗೆ ಕೊಟ್ಟಳು. "ಬಾಗಿಲದಾಗ ನಿಂದ್ರು. ಆರಿಸಬ್ಯಾಡ."

"ಎಲ್ಲಿಗೆ?" ಎಂದಳು ಅಜ್ಜಿ.

"ಚರಂಡ್ಯಾಗ ನೋಡ್ತೀನ್ರಿ. ದೂರ ಹೋಗಿರಾಂಗಿಲ್ಲ."

"ಹುಚ್ಚೇನು ನಿನಗ? ಸಿಡಿಲು ಬಡಿಯಾಕತ್ತೈತಿ. ಬ್ಯಾಡ, ಕುಂದ್ರು."

ಅವ್ವ ಕೇಳಲಿಲ್ಲ. ಬಾಗಿಲು ತೆಗೆದು ಹೊರಗೆ ಹೋದಳು.

ನಾನು ಹೊಸ್ತಿಲಲ್ಲಿ ನಿಂತೆ. ಓಣಿಯ ಚರಂಡಿ ಎಂದರೆ ಗೊತ್ತಲ್ಲ, ಇಡೀ ಓಣಿಯ ಬಚ್ಚಲು ನೀರು, ದನದ ಕೊಟ್ಟಿಗೆಯ ನೀರು ಎಲ್ಲ ಅದರಲ್ಲೇ. ಹಗಲು ಹೊತ್ತಿನಲ್ಲಿ ಅದನ್ನು ದಾಟುವಾಗ ಅವ್ವ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಆ ಅವ್ವ ಈಗ ಅದರೊಳಗೆ ಮೊಣಕಾಲ ತನಕ ಇಳಿದು, ಬಗ್ಗಿ, ಮೊಣಕೈ ತನಕ ಕೈ ಮುಳುಗಿಸಿ ಕೆಸರು ತೆಗೆ ತೆಗೆದು ಬೆರಳಲ್ಲಿ ಹಿಸುಕಿ ನೋಡುತ್ತಿದ್ದಳು. ಅವಳ ಬೆನ್ನ ಮೇಲೆ ಆಲಿಕಲ್ಲು ಬೀಳುತ್ತಿದ್ದವು. ಮಿಂಚಿದಾಗ ಕಾಣುತ್ತಿದ್ದಳು, ಮತ್ತೆ ಕತ್ತಲಾಗುತ್ತಿತ್ತು, ಕತ್ತಲಲ್ಲಿ ಅವಳ ದನಿ ಮಾತ್ರ. "ಸಿಗವಲ್ದು. ಶಿವನೇ, ಸಿಗವಲ್ದಲ್ಲೋ."

ಅವ್ವ ಅಳುತ್ತಿದ್ದಳು. ಬೆಳಿಗ್ಗೆಯಷ್ಟೇ ಹಿಟ್ಟಿನ ವಿಷಯಕ್ಕೆ ಅತ್ತೆಯ ಜೊತೆ ಮುಖ ಊದಿಸಿಕೊಂಡಿದ್ದವಳು, ಆ ಅತ್ತೆಯ ಲಿಂಗಕ್ಕಾಗಿ ಚರಂಡಿಯಲ್ಲಿ ನಿಂತು ಅಳುತ್ತಿದ್ದಳು. ಲಿಂಗ ನನ್ನ ಮುಷ್ಟಿಯಲ್ಲಿ ಬೆವರುತ್ತಿತ್ತು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಇವತ್ತು ನೆನೆದರೂ ಆಗುತ್ತದೆ.

ಗಾಳಿ ಬೀಸಿ ಬುಡ್ಡಿ ಆರಿತು. ಒಳ್ಳೆಯದಾಯಿತು. ಬೆಳಕಿದ್ದಿದ್ದರೆ ಅಜ್ಜಿಯ ಮುಖ ನೋಡಿಕೊಂಡು ಅಷ್ಟು ದೂರ ನಡೆಯುವ ಧೈರ್ಯ ನನಗಿರಲಿಲ್ಲ. ಆರಿದ ದೀಪವನ್ನು ಹೊಸ್ತಿಲ ಮೇಲಿಟ್ಟು, ನೀರಲ್ಲಿ ಕಾಲೆಳೆಯುತ್ತ ಮಣೆಯ ಹತ್ತಿರ ಹೋದೆ. ತಡವಿದೆ. ಕೈ ಇನ್ನೂ ಚಾಚಿಯೇ ಇತ್ತು. ಅದರಲ್ಲಿ ಇಟ್ಟೆ.

ಅಜ್ಜಿಯ ಬೆರಳುಗಳು ಮಡಚಿಕೊಂಡವು. ಆಮೇಲೆ ಕೇಳಿದಳು, "ಎಲ್ಲಿತ್ತು?"

"ಬಾಯಾಗ."

"ಎಲ್ಲಿ?"

"ನನ್ ಬಾಯಾಗ, ಅಜ್ಜಿ. ಆಲಿಕಲ್ಲು ಅಂದ್ಕಂಡೆ."

ನಾನು ಏಟಿಗೆ ಕಾಯುತ್ತಿದ್ದೆ. ಅಜ್ಜಿಯ ಬಲಗೈ ಕತ್ತಲಲ್ಲಿ ನನ್ನ ಮುಖ ಹುಡುಕಿತು, ಗದ್ದ ಹಿಡಿಯಿತು, ಒತ್ತಿ ಬಾಯಿ ತೆರೆಸಿತು. ತೋರುಬೆರಳು ಒಳಗೆ ಬಂತು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಗಂಟಲಿನ ತನಕ ಬಂದು ಎಲ್ಲ ತಡವಿ ನೋಡಿತು. ನನಗೆ ಓಕರಿಕೆ ಬಂತು.

"ನುಂಗಿದ್ರ ಏನ್ ಮಾಡ್ತಿದ್ದೆಲೇ ಹುಚ್ಚಿ?" ಅಜ್ಜಿಯ ದನಿ ನಡುಗುತ್ತಿತ್ತು. ಅಷ್ಟು ಹೊತ್ತೂ ನಡುಗದ ದನಿ. "ಗಂಟಲಾಗ ಸಿಕ್ಕಂಡಿದ್ರ? ಕತ್ತಲಾಗ ಯಾರಿಗೆ ಕಾಣ್ತಿತ್ತು? ಉಸರು ಕಟ್ಟಿದ್ರ?"

ನಾನು ಜೋರಾಗಿ ಅಳಲು ಶುರು ಮಾಡಿದೆ. ಅಳುತ್ತಲೇ ಕೇಳಿದೆ, "ಎಂಜಲಾತಲ್ಲ ಅಜ್ಜಿ. ಇನ್ನ ನೀ ಉಣ್ಣಂಗಿಲ್ಲೇನು?"

"ತೊಳಿತೀನಿ ಬಿಡು."

"ಎಂಜಲಾಗೇತಿ ಅಜ್ಜಿ."

"ಕೂಸಿನ ಬಾಯಿ ಎಂಜಲಂತ ಯಾರ್ ಹೇಳ್ಯಾರ?"

"ನೀನಾ ಹೇಳಿದ್ದಿ. ಹಾಲು ಚೆಲ್ಲಿದ್ದಿ."

"ಚೆಲ್ಲಿರಬೇಕು," ಎಂದಳು ಅಜ್ಜಿ. "ನಿಮ್ಮವ್ವನ್ನ ಕರಿ. ಸಿಕ್ತು ಅನ್ನು. ಬಾಯಿದೊಂದ್ ಹೇಳಬ್ಯಾಡ, ಆಕಿ ಅಂಜ್ತಾಳ."

ಅವ್ವ ಬಂದಳು. ಬಂದವಳಿಂದ ಚರಂಡಿಯ ವಾಸನೆ, ಸೀರೆಯಿಂದ ನೀರು. ಮತ್ತೆ ಕಡ್ಡಿ ಗೀರಿ ದೀಪ ಹಚ್ಚಿ, ಅಜ್ಜಿಯ ಅಂಗೈಯಲ್ಲಿದ್ದುದನ್ನು ನೋಡಿ, ಅಲ್ಲೇ ಒದ್ದೆ ನೆಲದಲ್ಲಿ ಕುಸಿದಳು. "ಎಲ್ಲಿತ್ರಿ?"

"ಮಣಿ ಸಂದ್ಯಾಗ ಇತ್ತು."

"ಮಣಿ ಎತ್ತಿ ನೋಡಿದ್ನೆಲ್ರಿ ಅತ್ತಿ."

"ಕತ್ತಲಾಗ ಕಂಡಿರಾಂಗಿಲ್ಲ ಬಿಡು."

ಅವ್ವ ದೀಪ ಎತ್ತಿ ನನ್ನ ಕಡೆ ತಿರು‌ಗಿದಳು. ನನ್ನ ತುಟಿಯ ಅಂಚನ್ನೇ ನೋಡಿದಳು. ಅಲ್ಲಿ ವಿಭೂತಿ ಅಂಟಿತ್ತೆಂದು ನನಗೇನು ಗೊತ್ತು. ಸೆರಗಿನ ಒಂದು ಚೊಕ್ಕ ತುದಿ ಹುಡುಕಿ, ಒದ್ದೆ ಮಾಡಿ, ನನ್ನ ತುಟಿ ಒರೆಸಿದಳು. ಒಂದು ಮಾತೂ ಆಡಲಿಲ್ಲ. ಆ ದಿನವೂ ಇಲ್ಲ, ಆಮೇಲೆ ಯಾವತ್ತೂ ಇಲ್ಲ.

ಅವ್ವ ಹಿತ್ತಲಿಗೆ ಹೋಗಿ ಮೈ ತೊಳೆದುಕೊಳ್ಳುವ ಹೊತ್ತಿಗೆ ಅಜ್ಜಿ ತಂಬಿಗೆ ತರಿಸಿ, ಲಿಂಗ ತೊಳೆದು, ಪೂಜೆಯನ್ನು ಮೊದಲಿನಿಂದ ಮಾಡಿದಳು. ಬುಡ್ಡಿ ಹಿಡಿದವಳು ನಾನು. ಆಲಿಕಲ್ಲು ನಿಂತು ಬರೀ ಮಳೆ ಹೊಯ್ಯುತ್ತಿತ್ತು. ಲಿಂಗಕ್ಕೆರೆದ ನೀರನ್ನು ಅಜ್ಜಿ ಅಂಗೈಯಿಂದ ಕುಡಿದಾಗ ಅವಳ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮೂರು ಗುಟುಕು. ಬೆಳಗಿನಿಂದ ಆ ಗಂಟಲಿಗೆ ಇಳಿದ ಮೊದಲ ನೀರು.

ಊಟ ಬಂತು. ಗಾಳಿ ಇಲ್ಲದ ಕಡೆ ಇರಲಿ ಎಂದು ಅವ್ವ ದೀಪವನ್ನು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದಳು. ಪಡಸಾಲೆಗೆ ಬರುತ್ತಿದ್ದದ್ದು ಅದರ ನೆರಳಿನಂಥ ಬೆಳಕು. ಬೆಳಕಿಂಡಿಯ ಕೆಳಗೆ ಕೊಪ್ಪರಿಗೆ ಇಟ್ಟು, ನಾವು ಗೋಡೆಯ ಬದಿಗೆ ಸರಿದಿದ್ದೆವು. ಅಜ್ಜಿಗೆ ಹಾಲಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ, ನನಗೆ ರೊಟ್ಟಿ, ಶೇಂಗಾ ಚಟ್ನಿ. ಅವ್ವ ಬಡಿಸಿ, ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ನಮ್ಮ ಮನೆಗಳಲ್ಲಿ ಸೊಸೆ ಅತ್ತೆಯ ಜೊತೆ ಕೂತು ಉಣ್ಣುವ ಪದ್ಧತಿ ಇರಲಿಲ್ಲ. ಅತ್ತೆಯ ಊಟವಾಗಿ, ತಾಟು ಎತ್ತಿ, ನೆಲ ಒರೆಸಿ, ಆಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ಉಣ್ಣಬೇಕು. ಸೋಮವಾರ ಅಜ್ಜಿ ಉಪವಾಸವೆಂದರೆ ಅವ್ವನಿಗೂ ಹೆಚ್ಚುಕಡಿಮೆ ಉಪವಾಸವೇ.

ಅಜ್ಜಿ ತುತ್ತು ಎತ್ತಲಿಲ್ಲ. "ನಿನ್ ತಾಟು ತಗಂಬಾ."

"ನೀವ್ ಉಣ್ರಿ ಅತ್ತಿ. ನಂದೇನು, ಆಮ್ಯಾಲೆ."

"ತಗಂಬಾ ಇಲ್ಲಿ. ಕುಂದ್ರು."

"ಬ್ಯಾಡ್ರಿ, ಯಾರರ ನೋಡಿದ್ರ..."

"ಯಾರಿಗೆ ಕಾಣತೈತಿ ಈ ಕತ್ತಲಾಗ? ಚರಂಡ್ಯಾಗ ಕೈ ಹಾಕೋವಾಗ ನನ್ ಮಾತು ಕೇಳಿದ್ದೇನು? ಈಗರ ಕೇಳು."

ಅವ್ವ ತಾಟು ತಂದಳು. ಅಜ್ಜಿಯಿಂದ ಒಂದು ಮಾರು ದೂರದಲ್ಲಿ, ಯಾವ ಗಳಿಗೆಯಲ್ಲಾದರೂ ಏಳಲು ಅನುಕೂಲವಾಗುವ ಹಾಗೆ ಒಂದು ಮೊಣಕಾಲು ಮೇಲೆತ್ತಿಕೊಂಡು ಕೂತಳು. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟಳು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನಕ್ಕೆ ಅಗಿಯುವ ಸದ್ದು ಕೇಳಿಸಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಆಮೇಲೆ ಹೆಚ್ಚು ಕೇಳಿಲ್ಲ. ಅಜ್ಜಿ ಸಾಯುವುದಿಲ್ಲ, ನನ್ನಿಂದ ಸಾಯುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡು ನಾನೂ ಉಂಡೆ. ಕೊಪ್ಪರಿಗೆಗೆ ಮಳೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ತನ್ನ ಬೋಗುಣಿಯಿಂದ ಅವ್ವನ ತಾಟಿಗೆ ಹಾಲು ಬಗ್ಗಿಸಿದಳು. ತಾನು ಉಂಡ ಬೋಗುಣಿಯಿಂದ. ಅವ್ವ ಬೇಡ ಎನ್ನಲಿಲ್ಲ.

ಆಗ ಕರೆಂಟು ಬಂತು.

ಓಣಿಯ ಹುಡುಗರೆಲ್ಲ "ಹೋ" ಎಂದು ಕೂಗಿದರು. ಯಾವತ್ತೂ ಕೆಂಪು ಎಳೆಯಾಗಿ ಬರುತ್ತಿದ್ದ ಬಲ್ಬು ಅವತ್ತು ಕಣ್ಣು ಕುಕ್ಕುವ ಹಾಗೆ ಹತ್ತಿಕೊಂಡಿತು. ತೆರೆದೇ ಇದ್ದ ಮುಂಬಾಗಿಲು, ಆಚೆ ಓಣಿ, ಈಚೆ ಅತ್ತೆಯ ಪಕ್ಕದಲ್ಲಿ ಉಣ್ಣುತ್ತ ಕೂತ ಸೊಸೆ, ಎಲ್ಲ ಒಮ್ಮೆಲೇ ಕಂಡವು. ಅವ್ವ ಸುಟ್ಟುಕೊಂಡವಳ ಹಾಗೆ ತಾಟು ಎತ್ತಿಕೊಂಡು ಎದ್ದು ನಿಂತಳು.

ಅಜ್ಜಿ ತಲೆ ಎತ್ತಲಿಲ್ಲ. "ಕೂಸೇ, ಅದನ್ನ ಆರ್ಸು," ಎಂದಳು ನನಗೆ.

"ಈಗ ಬಂದೈತಲ್ಲ ಅಜ್ಜಿ!"

"ಆರ್ಸು ಅಂದ್ನೆಲ್ಲ. ನಿಮ್ಮವ್ವ ಉಣ್ಣಾಕತ್ಯಾಳ."

ನಾನು ಎದ್ದುಹೋಗಿ ದೀಪ ಆರಿಸಿದೆ. ಕತ್ತಲಲ್ಲಿ ಅವ್ವ ಮತ್ತೆ ಕೂತಳು.